ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ತಪ್ಪೇ?

ನಮಸ್ಕಾರ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೇರಪ್ರಸಾರದ ರಾಜಕೀಯ ಸಂದರ್ಶನ ನೋಡಲು ಕೂತರೆ ತಲೆನೋವು ಬರುತ್ತದೆ ಎಂದು ಬರೆದಿದ್ದೀರಿ. ಸಂದರ್ಶಕರು ಕೇಳಿದ್ದನ್ನೇ ಕೇಳುತ್ತಾರೆ, ಉತ್ತರವನ್ನು ಅರ್ಧಕ್ಕೇ ತಡೆಯುತ್ತಾರೆ, ಕರೆಸಿಕೊಂಡ ಅತಿಥಿಯ ಜೊತೆ ಹೀಗಾ ಮಾತಾಡೋದು ಅನ್ನುವುದು ನಿಮ್ಮ ಬೇಸರ. ಮೊದಲೇ ರೆಕಾರ್ಡ್ ಮಾಡಿ, ಜಗಳದ ಭಾಗ ತೆಗೆದು ತೋರಿಸಬಾರದೇ ಅಂತಲೂ ಕೇಳಿದ್ದೀರಿ.

ಗದ್ದಲದ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಗದ್ದಲ ಬೇರೆ, ಕೇಳಿದ್ದನ್ನೇ ಕೇಳುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ಕೇಳಿಕೊಳ್ಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

1997ರ ಮೇ 13. ಬಿಬಿಸಿಯ ‘ನ್ಯೂಸ್‌ನೈಟ್’ ಕಾರ್ಯಕ್ರಮ. ಎದುರಿಗೆ ಕೂತವರು ಮೈಕೆಲ್ ಹೊವರ್ಡ್. ಬ್ರಿಟನ್ನಿನ ಗೃಹ ಸಚಿವರಾಗಿದ್ದವರು. ಅವರ ಪಕ್ಷ ಆಗಷ್ಟೇ ಚುನಾವಣೆ ಸೋತಿತ್ತು, ಅವರು ಪಕ್ಷದ ನಾಯಕರಾಗಲು ಹೊರಟಿದ್ದರು. ಎರಡು ವರ್ಷದ ಹಿಂದೆ ಪಾರ್ಕ್‌ಹರ್ಸ್ಟ್ ಜೈಲಿನಿಂದ ಮೂವರು ಕೈದಿಗಳು ತಪ್ಪಿಸಿಕೊಂಡಿದ್ದರು. ಆ ಜೈಲಿನ ಅಧಿಕಾರಿಯನ್ನು ಅಮಾನತು ಮಾಡಬೇಕೋ ಬೇಡವೋ ಅನ್ನುವುದು ಬಂದೀಖಾನೆ ಇಲಾಖೆಯ ಮುಖ್ಯಸ್ಥರು ತೀರ್ಮಾನಿಸಬೇಕಾದ ವಿಷಯ. ನಿಮ್ಮ ಮಾತು ಮೀರಿ ನಾನೇ ಆದೇಶ ಕೊಡುತ್ತೇನೆ ಎಂದು ಸಚಿವರು ಆ ಮುಖ್ಯಸ್ಥರನ್ನು ಹೆದರಿಸಿದ್ದರಾ? ಸಂದರ್ಶಕ ಜೆರೆಮಿ ಪ್ಯಾಕ್ಸ್‌ಮನ್ ಕೇಳಿದ್ದು ಇಷ್ಟೇ. ಹೌದು ಅಥವಾ ಇಲ್ಲ, ಒಂದು ಮಾತು ಸಾಕಿತ್ತು.

ಹೊವರ್ಡ್ ಆ ಒಂದು ಮಾತು ಹೇಳಲಿಲ್ಲ. ನನಗೆ ಹಾಗೆ ಆದೇಶ ಕೊಡುವ ಅಧಿಕಾರವೇ ಇರಲಿಲ್ಲ, ಕೊಡಲೂ ಇಲ್ಲ ಅಂದರು. ಆದೇಶ ಕೊಡಲಿಲ್ಲ ಅಂದಮಾತ್ರಕ್ಕೆ ಹೆದರಿಸಲೂ ಇಲ್ಲ ಎಂದಾಗುವುದಿಲ್ಲ, ಅಲ್ವಾ? ಪ್ಯಾಕ್ಸ್‌ಮನ್ ಮತ್ತೆ ಕೇಳಿದರು. ಮತ್ತೆ ಹಾರಿಕೆಯ ಉತ್ತರ. ಹೀಗೆ ಹತ್ತು ಹನ್ನೆರಡು ಸಲ ಅದೇ ಪ್ರಶ್ನೆ. ಮುಂದಿನ ವರದಿಯ ಟೇಪ್ ಇನ್ನೂ ಸಿದ್ಧವಾಗಿಲ್ಲ, ಸ್ವಲ್ಪ ಎಳೆಯಿರಿ ಎಂದು ಆಗ ನನಗೆ ತಿಳಿಸಿದ್ದರು ಎಂದು ಪ್ಯಾಕ್ಸ್‌ಮನ್ ಆಮೇಲೆ ಹೇಳಿಕೊಂಡರು. ಇರಲಿ. ಕಾರಣ ಏನೇ ಇದ್ದರೂ, ಒಬ್ಬ ಮಾಜಿ ಸಚಿವರು ಒಂದು ಸಣ್ಣ ಪ್ರಶ್ನೆಯನ್ನು ಅಷ್ಟು ಸಲ ದಾಟಿಹೋದದ್ದನ್ನು ಮನೆಯಲ್ಲಿ ಕೂತವರು ಕಣ್ಣಾರೆ ಕಂಡರು. ಇದನ್ನೇ ರೆಕಾರ್ಡ್ ಮಾಡಿ ಕತ್ತರಿಸಿದ್ದರೆ ಏನು ಉಳಿಯುತ್ತಿತ್ತು? ಒಂದು ಪ್ರಶ್ನೆ, ಒಂದು ಉತ್ತರ, ಮುಂದಿನ ವಿಷಯ. ನಿಮಗೆ ತಲೆನೋವು ಬರುತ್ತಿರಲಿಲ್ಲ, ನಿಜ. ಆದರೆ ಅವರು ಉತ್ತರವನ್ನೇ ಕೊಡಲಿಲ್ಲ ಅನ್ನುವುದು ಅಷ್ಟು ಚೆನ್ನಾಗಿ ಗೊತ್ತಾಗುತ್ತಲೂ ಇರಲಿಲ್ಲ.

ರೆಕಾರ್ಡ್ ಮಾಡಿದ್ದೆಲ್ಲ ಕೆಟ್ಟದ್ದು ಅಂತಲ್ಲ. 1977ರಲ್ಲಿ ಬ್ರಿಟನ್ನಿನ ಟಿವಿ ಸಂದರ್ಶಕ ಡೇವಿಡ್ ಫ್ರಾಸ್ಟ್ ಅಮೆರಿಕದ ಮಾಜಿ ಅಧ್ಯಕ್ಷ ನಿಕ್ಸನ್ ಜೊತೆ ದಿನಗಟ್ಟಲೆ ಕೂತು ಮಾತಾಡಿದರು. ಅಷ್ಟು ತಾಳ್ಮೆ ಲೈವ್‌ನಲ್ಲಿ ಸಾಧ್ಯವಿಲ್ಲ.

ಅತಿಥಿಗೆ ಮರ್ಯಾದೆ ಅಂದಿರಲ್ಲ, ಅದರ ಬಗ್ಗೆಯೂ ಒಂದು ಮಾತು. 1951ರಲ್ಲಿ ಬ್ರಿಟನ್ನಿನ ರಾಜಕಾರಣಿ ಆಂಟನಿ ಈಡನ್ ಚುನಾವಣೆಗಾಗಿ ಟಿವಿಯಲ್ಲಿ ಸಂದರ್ಶನ ಕೊಟ್ಟರು. ಪ್ರಶ್ನೆಗಳೂ ಉತ್ತರಗಳೂ ಮೊದಲೇ ಬರೆದಿಟ್ಟವು. ಮರ್ಯಾದೆಗೇನೂ ಕೊರತೆ ಇರಲಿಲ್ಲ. ಆದರೆ ನೋಡಿದವರಿಗೆ ಅದರಿಂದ ಏನು ತಿಳಿಯಬೇಕು? ಸ್ಟುಡಿಯೋಗೆ ಬಂದ ಸಚಿವರು ಸುಮ್ನೆ ಕಾಫಿ ಕುಡಿಯಲು ಬಂದಿರುವುದಿಲ್ಲ. ನಾವು ಕೊಟ್ಟ ಅಧಿಕಾರದ ಲೆಕ್ಕ ಒಪ್ಪಿಸಲು ಬಂದಿರುತ್ತಾರೆ.

ಈಗ ನಿಮ್ಮ ದೂರು ನೂರಕ್ಕೆ ನೂರು ಸರಿ ಅನ್ನಿಸುವ ಜಾಗಕ್ಕೆ ಬರುತ್ತೇನೆ. 1988ರ ಜನವರಿ 25ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಡ್ಯಾನ್ ರಾದರ್ ಅವರು ಆಗ ಉಪಾಧ್ಯಕ್ಷರಾಗಿದ್ದ ಹಿರಿಯ ಬುಷ್ ಅವರನ್ನು ಸಂದರ್ಶಿಸಿದರು. ಲೈವ್ ಆದರೆ ಮಾತ್ರ ಬರುತ್ತೇನೆ ಎಂದು ಹಟ ಹಿಡಿದವರು ಬುಷ್. ನೇರಪ್ರಸಾರದಲ್ಲಿ ಅವರ ಮಾತಿಗೆ ಯಾರೂ ಕತ್ತರಿ ಹಾಕುವ ಹಾಗಿರಲಿಲ್ಲ. ವಿಷಯ ತುಂಬ ಗಂಭೀರವಾದದ್ದು. ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ಹಗರಣದ ಬಗ್ಗೆ ಬುಷ್‌ಗೆ ಎಷ್ಟು ಗೊತ್ತಿತ್ತು? ಒಂಬತ್ತು ನಿಮಿಷ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡಿದರು. ರಾದರ್ ಕೇಳುವುದನ್ನು ಬಿಟ್ಟು ಆರೋಪಕ್ಕೆ ಇಳಿದರು, ಜಗತ್ತಿನ ಮುಂದೆ ನಮ್ಮನ್ನು ಕಪಟಿಗಳನ್ನಾಗಿ ಮಾಡಿದಿರಿ ಎಂದರು. ಬುಷ್ ತಿರುಗಿಸಿ ರಾದರ್ ಅವರದೇ ಹಳೆಯ ತಪ್ಪೊಂದನ್ನು ಎತ್ತಿದರು. ಹಿಂದಿನ ವರ್ಷ ರಾದರ್ ಸ್ಟುಡಿಯೋದಿಂದ ಎದ್ದು ಹೋಗಿ, ಕೆಲವು ನಿಮಿಷ ವಾಹಿನಿಯ ಪರದೆಯೇ ಖಾಲಿಯಾಗಿತ್ತು. ಮರುದಿನ ಜನ ಮಾತಾಡಿದ್ದು ಜಗಳದ ಬಗ್ಗೆ. ಆಯುಧದ ವಿಷಯ ಹಿಂದೆ ಬಿತ್ತು. ಬುಷ್ ಅದೇ ವರ್ಷ ಅಧ್ಯಕ್ಷರಾಗಿ ಗೆದ್ದರು.

ಸಂದರ್ಶಕ ಕೋಪ ಮಾಡಿಕೊಂಡರೆ ಲಾಭ ಯಾವಾಗಲೂ ಎದುರಿಗೆ ಕೂತವರಿಗೇ. ಅವರು ಬಯಸುವುದೂ ಅದನ್ನೇ. ಜಗಳವಾದರೆ ಉತ್ತರ ಕೊಡುವ ಕಷ್ಟ ತಪ್ಪಿತು.

ಇದನ್ನು ನಾನು ಪೆಟ್ಟು ತಿಂದು ಕಲಿತವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ನಾಯಕರನ್ನು ಲೈವ್ ಸಂದರ್ಶನ ಮಾಡಿದ್ದೆ. ರಾತ್ರಿಯಿಡೀ ಕೂತು 20 ಪ್ರಶ್ನೆ ಬರೆದುಕೊಂಡಿದ್ದೆ. ನಾಲ್ಕನೇ ಪ್ರಶ್ನೆಗೆ ಉತ್ತರ ಕೊಡುತ್ತಾ ಅವರು, ಆ ಕಡತ ನಾನು ಓದದೆ ಸಹಿ ಹಾಕಿದೆ ಅಂದುಬಿಟ್ಟರು. ನನ್ನ ಕಣ್ಣು ಆಗಲೇ ಐದನೇ ಪ್ರಶ್ನೆಯ ಮೇಲಿತ್ತು. ಅದನ್ನೇ ಕೇಳಿದೆ. ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕೇಳಿದಳು, “ಓದದೆ ಯಾಕೆ ಸಹಿ ಹಾಕಿದ್ರಂತೆ? ನೀನು ಕೇಳಲೇ ಇಲ್ಲವಲ್ಲ?” ಇವತ್ತಿಗೂ ಆ ಮಾತು ನೆನಪಾದರೆ ಸಂಕಟವಾಗುತ್ತದೆ. ಹಾಗಾಗಿ ನಮ್ಮಲ್ಲಿ ಹೊಸದಾಗಿ ಸೇರುವವರಿಗೆ ಪ್ರಶ್ನೆಯ ಪಟ್ಟಿಯನ್ನು ಐದಕ್ಕೆ ನಿಲ್ಲಿಸಲು ಹೇಳುತ್ತೇನೆ. ಉಳಿದ ಪ್ರಶ್ನೆಗಳು ಎದುರಿಗಿರುವವರ ಉತ್ತರದಿಂದಲೇ ಬರಬೇಕು. ಅದಕ್ಕೆ ಮೊದಲು ಕಿವಿಗೊಟ್ಟು ಕೇಳಬೇಕು.

ಈ ಕಾರ್ಯಕ್ರಮಗಳನ್ನು ನೋಡುವುದನ್ನೇ ಬಿಟ್ಟುಬಿಡಲೇ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಮುಂದಿನ ಸಲ ಕೈಯಲ್ಲಿ ಒಂದು ಚೀಟಿ, ಪೆನ್ನು ಇಟ್ಟುಕೊಳ್ಳಿ. ಮೊದಲ ಪ್ರಶ್ನೆಯನ್ನು ಬರೆದುಕೊಳ್ಳಿ. ಸಂದರ್ಶಕರು ಮಾತು ತಡೆದಾಗ ಚೀಟಿ ನೋಡಿ. ಆ ಪ್ರಶ್ನೆಗೆ ಉತ್ತರ ಬರುವ ಮೊದಲು ಅತಿಥಿ ಬೇರೆ ದಾರಿ ಹಿಡಿದಿದ್ದರೆ, ತಡೆದದ್ದು ನಿಮಗೋಸ್ಕರ. ಉತ್ತರ ಬರುತ್ತಿರುವಾಗಲೇ ತಡೆದಿದ್ದರೆ ಆ ವಾಹಿನಿಗೆ ಪತ್ರ ಬರೆಯಿರಿ, ನನಗೂ ಒಂದು ಪ್ರತಿ ಕಳಿಸಿ.