ಇಲಿಗಳಲ್ಲಿ ಕಂಡ ಗಡ್ಡೆ ಮನುಷ್ಯರಿಗೂ ಅನ್ವಯಿಸುತ್ತದೆಯೇ?

ನಿಮ್ಮ ತಂದೆಯವರು ಮಧುಮೇಹದ ಕಾರಣ ಕಾಫಿಗೆ ಸಕ್ಕರೆಯ ಬದಲು ಸ್ಯಾಕರಿನ್ ಎಂಬ ಕೃತಕ ಸಿಹಿಯ ಮಾತ್ರೆ ಹಾಕಿಕೊಳ್ಳುತ್ತಾರೆ, ಅದರಿಂದ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಬಂದಿತೆಂದು ಓದಿ ಗಾಬರಿಯಾಗಿದೆ, ಇಂಥ ವರದಿಗಳನ್ನು ಎಷ್ಟು ನಂಬಬೇಕು ಎಂದು ಕೇಳಿದ್ದೀರಿ. ವಿಷವಿಜ್ಞಾನವನ್ನು ಬೋಧಿಸುವವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಆ ವರದಿ ಸುಳ್ಳಲ್ಲ. ಆದರೆ ಗಡ್ಡೆ ಯಾವ ದಾರಿಯಲ್ಲಿ ಬಂದಿತು, ಆ ದಾರಿ ನಮ್ಮ ದೇಹದಲ್ಲಿಯೂ ಇದೆಯೇ ಎಂಬುದನ್ನು ನೋಡದೆ ತೀರ್ಮಾನಕ್ಕೆ ಬರಲಾಗದು.

ಆಹಾರದಲ್ಲಿ ಶೇಕಡಾ 5ರಷ್ಟು ಸೋಡಿಯಂ ಸ್ಯಾಕರಿನ್ ಬೆರೆಸಿ ಕೊಟ್ಟಾಗ, ಮುಖ್ಯವಾಗಿ ಗಂಡು ಇಲಿಗಳಲ್ಲಿ, ಗಡ್ಡೆಗಳು ಕಂಡವು. ಇದರಿಂದಾಗಿ 1977ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸ್ಯಾಕರಿನ್ ನಿಷೇಧವನ್ನು ಪ್ರಸ್ತಾಪಿಸಿತು. ಅಲ್ಲಿನ ಸಂಸತ್ತು ಅದನ್ನು ತಡೆಹಿಡಿದು ಪೊಟ್ಟಣಗಳ ಮೇಲೆ ಎಚ್ಚರಿಕೆ ಮುದ್ರಿಸುವಂತೆ ಮಾಡಿತು. ಅಷ್ಟೊಂದು ಯಾರು ತಿನ್ನುತ್ತಾರೆ ಎಂಬ ಆಕ್ಷೇಪ ಸಹಜವಾದರೂ ಅದೊಂದೇ ಸಾಲದು. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಸುಮಾರು 50 ಪ್ರಾಣಿಗಳಷ್ಟೇ ಇರುವುದರಿಂದ, ಸಾವಿರಕ್ಕೊಬ್ಬರಿಗೆ ಬರಬಹುದಾದ ಅಪಾಯ ಕಣ್ಣಿಗೆ ಬೀಳಬೇಕಾದರೆ ಪ್ರಮಾಣವನ್ನು ಏರಿಸಲೇಬೇಕಾಗುತ್ತದೆ.

ಉತ್ತರ ದೊರೆತದ್ದು ಇಲಿಯ ಮೂತ್ರದಲ್ಲಿ. ಅದರಲ್ಲಿ ಪ್ರೋಟೀನ್ ಹೆಚ್ಚು. ಅಧಿಕ ಪ್ರಮಾಣದ ಸೋಡಿಯಂ ಸ್ಯಾಕರಿನ್ ಸೇರಿದಾಗ ಕ್ಯಾಲ್ಸಿಯಂ ಫಾಸ್ಫೇಟ್ ಗಟ್ಟಿಯಾಗಿ ಗಷ್ಟು ಕಟ್ಟಿ, ಮೂತ್ರಕೋಶದ ಒಳಪದರದ ಜೀವಕೋಶಗಳನ್ನು ಹಾಳುಮಾಡುತ್ತದೆ, ಸತ್ತ ಕೋಶಗಳ ಜಾಗ ತುಂಬಲು ಉಳಿದವು ಬಿಡುವಿಲ್ಲದೆ ವಿಭಜನೆಗೊಳ್ಳುತ್ತವೆ, ಗಡ್ಡೆ ಹುಟ್ಟುವುದು ಈ ನಿರಂತರ ವಿಭಜನೆಯಿಂದ. ಸೋಡಿಯಂ ಇಲ್ಲದ ಆಮ್ಲರೂಪದ ಸ್ಯಾಕರಿನ್ ಕೊಟ್ಟಾಗ ಅಥವಾ ಮೂತ್ರವನ್ನು ಆಮ್ಲೀಯಗೊಳಿಸಿದಾಗ ಆ ಪರಿಣಾಮ ಕಾಣಲಿಲ್ಲ. ಆದರೆ ವಿಟಮಿನ್ ಸಿ ಯ ಸೋಡಿಯಂ ಲವಣವನ್ನು ಅಷ್ಟೇ ಪ್ರಮಾಣದಲ್ಲಿ ಕೊಟ್ಟಾಗ ಅಂಥದೇ ಪರಿಣಾಮ ಕಂಡಿತು, ಅಂದರೆ ಇದು ಸ್ಯಾಕರಿನ್‌ಗಷ್ಟೇ ಸೀಮಿತವಾದ ಗುಣವಲ್ಲ, ಅತಿಯಾದ ಸೋಡಿಯಂ ಲವಣದಿಂದ ಇಲಿಯ ಮೂತ್ರದಲ್ಲಾಗುವ ಬದಲಾವಣೆಯ ಫಲ. ನನ್ನ ದೃಷ್ಟಿಯಲ್ಲಿ ಇವು ಇಡೀ ಪ್ರಕರಣದ ಅತ್ಯಂತ ಬಲವಾದ ಸಾಕ್ಷ್ಯ. ಮನುಷ್ಯರ ಮೂತ್ರದ ರಚನೆಯೇ ಬೇರೆ. ಆದ್ದರಿಂದ 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಸ್ಯಾಕರಿನ್ನನ್ನು 2ಬಿ ಗುಂಪಿನಿಂದ (ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದವು) 3ನೇ ಗುಂಪಿಗೆ (ಕ್ಯಾನ್ಸರ್ ತರುತ್ತವೆಯೇ ಎಂದು ವರ್ಗೀಕರಿಸಲಾಗದವು) ಇಳಿಸಿತು. 2000ದಲ್ಲಿ ಅಮೆರಿಕದ ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದಲೂ ಅದು ಹೊರಬಂದಿತು. ಆಹಾರದಲ್ಲಿ ಬೆರೆಸುವ ವಸ್ತುಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞರ ಸಮಿತಿ ಜೆಇಸಿಎಫ್‌ಎ ನಿಗದಿಪಡಿಸಿದ ದಿನದ ಮಿತಿ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 300 ಮಿಲಿಗ್ರಾಂ. ಒಂದು ಮಾತ್ರೆಯಲ್ಲಿ ಎಷ್ಟಿದೆ ಎಂದು ಪೊಟ್ಟಣದ ಮೇಲೆ ನೋಡಿ ಲೆಕ್ಕ ಹಾಕಿ. ಆ ಮಿತಿಯೊಳಗಿದ್ದರೆ, ಇಲಿಗಳ ಈ ಗಡ್ಡೆಗಳ ಕಾರಣಕ್ಕೆ ನಿಮ್ಮ ತಂದೆಯವರು ಮಾತ್ರೆ ಬಿಡಬೇಕಾಗಿಲ್ಲ.

ಆದರೆ ಇದನ್ನು ಓದಿ ಇಲಿಯ ಫಲಿತಾಂಶ ನಮಗೆ ಸಂಬಂಧಿಸಿದ್ದಲ್ಲ ಎಂದು ದಯವಿಟ್ಟು ಭಾವಿಸಬೇಡಿ. ಅನ್ವಯಿಸುವುದಿಲ್ಲ ಎಂದು ತೋರಿಸುವ ಹೊಣೆ ಹಾಗೆ ಹೇಳುವವರ ಮೇಲಿರಬೇಕು, ಮತ್ತು ಸ್ಯಾಕರಿನ್ ವಿಷಯದಲ್ಲಿ ನಡೆದಂತೆ ಪ್ರತಿಯೊಂದು ಹಂತವನ್ನೂ ಪ್ರಯೋಗದಿಂದ ತೋರಿಸಬೇಕು. ಉದಾಹರಣೆಗೆ, ಪಿವಿಸಿ ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ವಿನೈಲ್ ಕ್ಲೋರೈಡ್ ಅನಿಲವನ್ನು ಉಸಿರಾಡಿದ ಇಲಿಗಳ ಯಕೃತ್ತಿನಲ್ಲಿ ಆಂಜಿಯೋಸಾರ್ಕೋಮ ಎಂಬ ಅಪರೂಪದ ಕ್ಯಾನ್ಸರನ್ನು ಇಟಲಿಯ ಸಂಶೋಧಕ ಮಾಲ್ಟೋನಿ ಕಂಡಿದ್ದರು. 1974ರ ಜನವರಿಯಲ್ಲಿ ಅದೇ ಕ್ಯಾನ್ಸರಿನಿಂದ ಅಮೆರಿಕದ ಲೂಯಿವಿಲ್‌ನ ಪಿವಿಸಿ ಕಾರ್ಖಾನೆಯ ಕಾರ್ಮಿಕರು ಸತ್ತಿದ್ದರೆಂಬುದು ಬಹಿರಂಗವಾಯಿತು. ಯಕೃತ್ತಿನ ಕಿಣ್ವಗಳು ಈ ಅನಿಲವನ್ನು ಡಿಎನ್‌ಎಗೆ ನೇರವಾಗಿ ಅಂಟಿಕೊಳ್ಳುವ ವಸ್ತುವನ್ನಾಗಿ ಬದಲಿಸುತ್ತವೆ. ಆ ಕಿಣ್ವಗಳು ಇಲಿಯಲ್ಲಿರುವಂತೆ ನಮ್ಮಲ್ಲಿಯೂ ಇವೆ. ಕೆಲಸದ ಸ್ಥಳದ ಗಾಳಿಯಲ್ಲಿ ದಶಲಕ್ಷಕ್ಕೆ 500 ಭಾಗದಷ್ಟಿದ್ದ ಮಿತಿಯನ್ನು ಅಮೆರಿಕ 1 ಭಾಗಕ್ಕೆ ಇಳಿಸಿದ್ದು ಆ ಸಾವುಗಳು ಬೆಳಕಿಗೆ ಬಂದ ನಂತರ.