ಮಗ ಸೈನಿಕ ಶಾಲೆಗೆ ಹೂಂ ಎಂದದ್ದೇಕೆ?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ಸಣ್ಣ ಅಡಿಕೆ ತೋಟವಿದೆ. ಪತಿ ವಾಯುಪಡೆಯಲ್ಲಿ 20 ವರ್ಷ ಸೇವೆ ಮಾಡಿ, ಸಾರ್ಜೆಂಟ್ ಆಗಿ ನಿವೃತ್ತರಾಗಿ ಎರಡು ವರ್ಷವಾಯಿತು. ಮಾವನವರು ಪೌರೋಹಿತ್ಯ ಮಾಡಿಕೊಂಡಿದ್ದವರು. ತೋಟವನ್ನೂ ಅವರನ್ನೂ ನೋಡಿಕೊಳ್ಳಲು ನಾನು ಊರಿನಲ್ಲೇ ಉಳಿದೆ. ಹಾಗಾಗಿ ಮಗ ಅಪ್ಪನನ್ನು ಕಂಡದ್ದು ರಜೆಯಲ್ಲಿ ಮಾತ್ರ. ಅವನಿಗೀಗ ಹತ್ತು ವರ್ಷ, ಐದನೇ ತರಗತಿ. ಹೋದ ವೈಶಾಖದಲ್ಲಿ ಉಪನಯನವಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ಓಡಬೇಕು ಎಂಬುದು ಪತಿಯ ನಿಯಮ. ಮೂರು ಹೊತ್ತಿನ ಸಂಧ್ಯಾವಂದನೆ ತಪ್ಪಬಾರದು ಎಂಬುದು ಮಾವನವರದು. ಮಗ ಈಗೀಗ ಸುಳ್ಳು ಹೇಳಲು ಕಲಿತಿದ್ದಾನೆ. ಸಂಧ್ಯಾವಂದನೆ ಮಾಡದಿದ್ದರೂ ಮಾಡಿದೆ ಎನ್ನುತ್ತಾನೆ. ಸಿಕ್ಕಿಬಿದ್ದರೆ ಪತಿ ಬೆಲ್ಟಿನಿಂದ ಹೊಡೆಯುತ್ತಾರೆ. ಪೆಟ್ಟು ತಪ್ಪಲೆಂದು ನಾನೇ ಎಷ್ಟೋ ಸಲ ಪಂಚಪಾತ್ರೆಯ ನೀರನ್ನು ತುಳಸಿಗೆ ಚೆಲ್ಲಿ, ಅವನು ಮಾಡಿ ಎದ್ದಂತೆ ತೋರುವ ಹಾಗೆ ಇಟ್ಟಿದ್ದೇನೆ. ಇತ್ತೀಚೆಗೆ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾನೆ.

ಸೈನಿಕ ಶಾಲೆಗೆ ಹಾಕಿದರೆ ನೆಟ್ಟಗಾಗುತ್ತಾನೆ ಎಂದು ಪತಿಯ ಹಠ. ಮಗನನ್ನು ಕೇಳಿದಾಗ ಅವನು ತಕ್ಷಣ ಹೂಂ ಎಂದ. ಪತಿಗೆ ಹೆಮ್ಮೆಯಾಯಿತು. ಅದೇ ರಾತ್ರಿ ನನ್ನ ಪಕ್ಕ ಮಲಗಿ ಕೇಳಿದ: ‘ಅಮ್ಮಾ, ಆ ಹಾಸ್ಟೆಲಿನಲ್ಲಿ ಅಪ್ಪಯ್ಯ ಇರುವುದಿಲ್ಲ ಅಲ್ಲವೇ?’ ಇದನ್ನು ಪತಿಗೆ ಹೇಳಲೇ? ಅರ್ಜಿ ತುಂಬಲೇ? ನಾನು ಮುದ್ದು ಮಾಡಿ ಮಗನನ್ನು ಕೆಡಿಸುತ್ತಿದ್ದೇನೆ ಎಂದು ಮನೆಯಲ್ಲಿ ಇಬ್ಬರೂ ಹೇಳುತ್ತಾರೆ. ನಿಜವೇ? ಪತಿ ಕೆಟ್ಟವರಲ್ಲ. ಅವರು ಹೇಳಿಕೊಟ್ಟ ಮೇಲೆ ಮಗ ತನ್ನ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚುತ್ತಾನೆ, ಬೂಟು ತಾನೇ ಪಾಲಿಶ್ ಮಾಡಿಕೊಳ್ಳುತ್ತಾನೆ, ಬಂದವರಿಗೆ ತೋರಿಸುತ್ತಾನೆ.

— ಹೆಸರು ಬೇಡ

ಉತ್ತರ: ಅರ್ಜಿಯ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ಈ ವರ್ಷ ತುಂಬಬೇಡಿ.

ಸೈನಿಕ ಶಾಲೆಗಳ ಬಗ್ಗೆ ನನಗೆ ತಕರಾರಿಲ್ಲ. 1961ರಲ್ಲಿ, ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ ಆರಂಭವಾದ ಈ ಶಾಲೆಗಳಿಂದ ಸೇನೆಯ ಅಧಿಕಾರಿ ಹುದ್ದೆ ಸಾಧಾರಣ ಮನೆಯ ಹುಡುಗರಿಗೂ ಎಟುಕುವಂತಾಯಿತು. ಈಗ ಹುಡುಗಿಯರಿಗೂ ಪ್ರವೇಶವಿದೆ. ನಮ್ಮ ರಾಜ್ಯದಲ್ಲಿ ವಿಜಯಪುರದ ಶಾಲೆ 1963ರಿಂದ, ಕೊಡಗಿನ ಕೂಡಿಗೆಯದು 2007ರಿಂದ ನಡೆಯುತ್ತಿವೆ. ಆರನೇ ತರಗತಿಗೆ 10ರಿಂದ 12 ವರ್ಷದ ಮಕ್ಕಳು ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆಯುತ್ತಾರೆ. 300 ಅಂಕಗಳಲ್ಲಿ 150 ಗಣಿತಕ್ಕೇ ಹೋಗುತ್ತವೆ. ಕನ್ನಡದಲ್ಲಿಯೂ ಬರೆಯಬಹುದು. ಅಂದರೆ ಓದಿನಲ್ಲಿ ಚುರುಕಾಗಿದ್ದು, ಅಲ್ಲಿಗೆ ಹೋಗಲು ಮನಸ್ಸೂ ಇರುವ ಮಕ್ಕಳನ್ನು ಆರಿಸಿಕೊಳ್ಳುವ ಶಾಲೆ ಅದು. ಕೆಟ್ಟಿದೆ ಎಂದು ಮನೆಯವರು ತಂದು ಕೊಟ್ಟದ್ದನ್ನು ಸರಿಮಾಡಿ ಹಿಂದಿರುಗಿಸುವ ರಿಪೇರಿ ಅಂಗಡಿಯಲ್ಲ. ನಿಮ್ಮ ಪತಿ ಅದನ್ನು ಬೆದರಿಕೆಯ ಮಾತಾಗಿ ಬಳಸುತ್ತಿರುವುದು ಆ ಶಾಲೆಗೂ ಗೌರವವಲ್ಲ. ಶಿಕ್ಷೆಯೆಂದು ಕಳುಹಿಸಲ್ಪಟ್ಟ ಮಗು, ಅಲ್ಲಿ ಎಲ್ಲವೂ ಚೆನ್ನಾಗಿದ್ದರೂ, ತನ್ನನ್ನು ಮನೆಯಿಂದ ಹೊರಗೆ ಹಾಕಿದರು ಎಂದೇ ತಿಳಿಯುತ್ತದೆ.

ಈಗ ಬಿಟ್ಟರೆ ಬಾಗಿಲು ಮುಚ್ಚಿಹೋಗುತ್ತದೆ ಎಂಬ ಅವಸರವೂ ಬೇಡ. ಒಂಬತ್ತನೇ ತರಗತಿಗೆ, 13ರಿಂದ 15ರ ವಯಸ್ಸಿನಲ್ಲಿ, ಮತ್ತೆ ಪ್ರವೇಶವಿದೆ. ಸೀಟು ಕಡಿಮೆ, ಪರೀಕ್ಷೆ ಇಂಗ್ಲಿಷಿನಲ್ಲಿ, ನಿಜ. ಅದೂ ಆಗದಿದ್ದರೆ ಹೈಸ್ಕೂಲಿನಲ್ಲಿ ಎನ್‌ಸಿಸಿ ಇದೆ, ಅಧಿಕಾರಿಯಾಗಲು ದ್ವಿತೀಯ ಪಿಯುಸಿ ಹೊತ್ತಿಗೆ ಎನ್‌ಡಿಎ ಪರೀಕ್ಷೆ ಇದೆ, ಪದವಿಯ ನಂತರ ಸಿಡಿಎಸ್ ಪರೀಕ್ಷೆ ಇದೆ. ಸೈನಿಕ ಶಾಲೆಯ ಮೆಟ್ಟಿಲು ಹತ್ತದವರೂ ಸೇನಾಧಿಕಾರಿಗಳಾಗಿದ್ದಾರೆ. ಇದು ನಿಮಗಿಂತ ನಿಮ್ಮ ಪತಿಗೇ ಚೆನ್ನಾಗಿ ಗೊತ್ತು. ಮಗನಿಗೆ ಆ ಶಾಲೆ ಬೇಕೋ ಬೇಡವೋ ಎಂಬುದು ತಿಳಿಯುವುದು, ಬೇಡ ಎಂದರೂ ಪೆಟ್ಟು ಬೀಳುವುದಿಲ್ಲ ಎಂಬ ನಂಬಿಕೆ ಅವನಿಗೆ ಬಂದ ಮೇಲೆ. ಇವತ್ತಿನ ಅವನ ಹೂಂ ಯಾವುದಕ್ಕೆ ಎಂಬುದನ್ನು ಅವನೇ ಅದೇ ರಾತ್ರಿ ನಿಮಗೆ ಹೇಳಿಬಿಟ್ಟಿದ್ದಾನೆ. ಅಪ್ಪಯ್ಯ ಇಲ್ಲದ ಜಾಗ ಯಾವುದಾದರೂ ಅವನು ಒಪ್ಪಿಕೊಳ್ಳುತ್ತಿದ್ದ.

ಇನ್ನು ಕಷ್ಟದ ಮಾತು. ನಿಮ್ಮ ಮನೆಯಲ್ಲಿ ಶಿಸ್ತು ಹೆಚ್ಚಾಯಿತೆಂದು ನಿಮಗೆ ಅನ್ನಿಸುತ್ತಿರಬಹುದು. ಪತ್ರವನ್ನು ಎರಡನೇ ಸಲ ಓದಿದಾಗ ನನಗೆ ಅನ್ನಿಸಿದ್ದು ಬೇರೆ. ಸೇನೆಯ ಹೆಸರಿನಲ್ಲಿ ಮತ್ತು ಧರ್ಮದ ಹೆಸರಿನಲ್ಲಿ ಅಲ್ಲಿ ನಡೆಯುತ್ತಿರುವುದನ್ನು ಸೇನೆಯೂ ಒಪ್ಪುವುದಿಲ್ಲ, ಧರ್ಮವೂ ಒಪ್ಪುವುದಿಲ್ಲ.

1950ರ ವಾಯುಪಡೆ ಕಾಯ್ದೆಯ ಪ್ರಕಾರ ತನ್ನ ಕೈಕೆಳಗಿನವನ ಮೇಲೆ ಕೈಮಾಡುವುದು ಅಪರಾಧ. ಕೈಮಾಡಿದವನು ಅಧಿಕಾರಿಯಾಗಲಿ, ಸಾರ್ಜೆಂಟ್ ಆಗಲಿ, ವಿಚಾರಣೆ ನಡೆದು ಸೆರೆವಾಸದವರೆಗೂ ಹೋಗಬಹುದು. ತಪ್ಪಿತಸ್ಥನಿಗೆ ಅಲ್ಲಿ ಶಿಕ್ಷೆ ಇಲ್ಲವೆಂದಲ್ಲ, ಕಠಿಣವಾಗಿಯೇ ಇದೆ. ಆದರೆ ಆರೋಪ ಏನೆಂದು ಅವನಿಗೆ ಓದಿ ಹೇಳುತ್ತಾರೆ, ಅವನ ಮಾತು ಕೇಳುತ್ತಾರೆ. ಯಾವ ತಪ್ಪಿಗೆ ಎಷ್ಟು ಎಂಬುದು ಮೊದಲೇ ಬರೆದಿಟ್ಟಿರುತ್ತದೆ. ಶಿಕ್ಷೆ ಕೊಡುವವನ ಸಿಟ್ಟಿಗೂ ಅದರ ಪ್ರಮಾಣಕ್ಕೂ ಸಂಬಂಧವಿರುವುದಿಲ್ಲ. ಇಪ್ಪತ್ತು ವರ್ಷ ಈ ವ್ಯವಸ್ಥೆಯಲ್ಲಿ ಬದುಕಿದ ಮನುಷ್ಯ, ತನ್ನ ಕೈಕೆಳಗಿನ ಹುಡುಗನೊಬ್ಬನ ಮೇಲೆ ಎಂದೂ ಎತ್ತಲಾಗದಿದ್ದ ಬೆಲ್ಟನ್ನು ಹತ್ತು ವರ್ಷದ ಮಗನ ಮೇಲೆ ಎತ್ತುತ್ತಿದ್ದಾರೆ. ಎಷ್ಟು ಪೆಟ್ಟು ಎಂಬುದು ಆ ದಿನದ ಅವರ ಮನಸ್ಥಿತಿಗೆ ಬಿಟ್ಟದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ನಂತರ ಶಾಲೆಯ ಮೇಷ್ಟರಿಗೂ ಆ ಅಧಿಕಾರವಿಲ್ಲ.

ಮಾವನವರ ಕಡೆಗೆ ಬನ್ನಿ. ಸಂಧ್ಯಾವಂದನೆಯಲ್ಲಿ ಪ್ರಾಯಶ್ಚಿತ್ತಾರ್ಘ್ಯ ಎಂದು ಒಂದಿದೆ. ಹೊತ್ತು ಮೀರಿ ಕುಳಿತವನು ಮೂರು ಅರ್ಘ್ಯದ ಜೊತೆಗೆ ಇನ್ನೊಂದನ್ನು ಹೆಚ್ಚಿಗೆ ಬಿಡುತ್ತಾನೆ. ಅವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ, ಎಷ್ಟೋ ವಟುಗಳಿಗೆ ಅವರೇ ಹೇಳಿಕೊಟ್ಟಿರುತ್ತಾರೆ. ಮನುಷ್ಯ ತಡಮಾಡುತ್ತಾನೆ, ಮರೆಯುತ್ತಾನೆ ಎಂಬುದನ್ನು ವಿಧಿ ಮಾಡಿದವರು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು. ಶಾಸ್ತ್ರ ಒಂದು ಬೊಗಸೆ ನೀರಿನಲ್ಲಿ ಮುಗಿಸುವ ತಪ್ಪಿಗೆ ನಿಮ್ಮ ಮನೆಯಲ್ಲಿ ಬೆಲ್ಟು. ಐದು ವರ್ಷ ಮುದ್ದು, ಹತ್ತು ವರ್ಷ ಪೆಟ್ಟು, ಹದಿನಾರಕ್ಕೆ ಗೆಳೆತನ ಎನ್ನುವ ಶ್ಲೋಕವನ್ನು ಅವರು ಹೇಳಬಹುದು, ಎಲ್ಲ ಅಜ್ಜಂದಿರೂ ಹೇಳುತ್ತಾರೆ. ಹತ್ತು ವರ್ಷ ಪೆಟ್ಟು ತಿಂದವನು ಹದಿನಾರರ ಬೆಳಿಗ್ಗೆ ಗೆಳೆಯನಾಗಿ ಏಳುತ್ತಾನೆ ಎಂದು ಶ್ಲೋಕ ಬರೆದವನು ಹೇಗೆ ನಂಬಿದನೋ ನನಗೆ ತಿಳಿಯದು.

ಇನ್ನೊಂದು ಅನುಮಾನ. ಮೂರು ಹೊತ್ತು ಎಂದಿರಿ. ಶಾಲೆಗೆ ಹೋಗುವ ಹುಡುಗ ಮಾಧ್ಯಾಹ್ನಿಕವನ್ನು ಎಲ್ಲಿ ಮಾಡಬೇಕು? ಬಿಸಿಯೂಟದ ತಟ್ಟೆ ಹಿಡಿದು ನಿಂತ ಸಾಲಿನಲ್ಲಿಯೇ? ಅವನ ಮೊದಲ ಸುಳ್ಳು ಅಲ್ಲಿಂದ ಹುಟ್ಟಿರಬಹುದು ಎಂದು ನನ್ನ ಊಹೆ. ಪಾಲಿಸಲಾಗದ ನಿಯಮವನ್ನು ಪಾಲಿಸಿದೆಯಾ ಎಂದು ದಿನವೂ ಕೇಳಿದರೆ ಮಗು ಎಷ್ಟು ದಿನ ಇಲ್ಲ ಎಂದೀತು? ಒಮ್ಮೆ ಹೌದು ಎಂದು ನೋಡಿದ, ನಡೆಯಿತು. ಆಮೇಲೆ ಬೆಳಗಿನದಕ್ಕೂ ಅದನ್ನೇ ಬಳಸಿದ.

ಇಷ್ಟರ ನಡುವೆ ನೀವು ಪತ್ರದ ಕೊನೆಯಲ್ಲಿ, ಪತಿಯ ಪರವಾಗಿ ಸಾಕ್ಷಿ ಹೇಳುವಂತೆ ಬರೆದ ಎರಡು ಸಾಲುಗಳೇ ನನಗೆ ಹೆಚ್ಚು ಮುಖ್ಯವೆನಿಸಿದವು. ಹೊದಿಕೆ ಮತ್ತು ಬೂಟು. ಇವಕ್ಕಾಗಿ ಅವನಿಗೆ ಪೆಟ್ಟು ಬಿತ್ತೆಂದು ನೀವು ಬರೆದಿಲ್ಲ. ಆದರೂ ಅವನು ತಪ್ಪದೆ ಮಾಡುತ್ತಾನೆ, ಬಂದವರಿಗೆ ತೋರಿಸಿ ಹೆಮ್ಮೆಪಡುತ್ತಾನೆ. ಯಾಕೆ? ನಿಮ್ಮ ಪತಿ ದಿನವೂ ತಮ್ಮ ಹೊದಿಕೆಯನ್ನು ತಾವೇ ಮಡಚುತ್ತಾರೆ, ಅಲ್ಲವೇ? ಇಪ್ಪತ್ತು ವರ್ಷದ ಅಭ್ಯಾಸ, ಬಿಟ್ಟಿರಲಾರರು. ಅಪ್ಪನ ಪಕ್ಕದಲ್ಲಿ ನಿಂತು, ಅಪ್ಪ ಮಾಡುವುದನ್ನೇ ಮಾಡುವುದು ಆ ಹುಡುಗನಿಗೆ ಇಷ್ಟವಾಗಿದೆ. ಈಗ ಹೇಳಿ, ಪತಿ ಸಂಧ್ಯಾವಂದನೆ ಮಾಡುತ್ತಾರೆಯೇ? ನೀವು ಬರೆದಿಲ್ಲ. ಮಾಡುತ್ತಿದ್ದರೆ ಬರೆಯುತ್ತಿದ್ದಿರಿ ಎಂದುಕೊಂಡಿದ್ದೇನೆ. ತಾನು ಬಿಟ್ಟದ್ದನ್ನು ಮಗ ಬಿಟ್ಟನೆಂದು ಹೊಡೆಯುವ ಅಪ್ಪನನ್ನು ಮಗ ನೋಡುತ್ತಿದ್ದಾನೆ. ಮಕ್ಕಳು ಕಠಿಣ ನಿಯಮವನ್ನಾದರೂ ಸಹಿಸಿಯಾರು, ತಮಗೆ ಮಾತ್ರ ಅನ್ವಯಿಸುವ ನಿಯಮವನ್ನು ಸಹಿಸುವುದು ಕಷ್ಟ. ಸೈನಿಕ ಶಾಲೆಯ ಬೆಳಗಿನ ಪಿಟಿ, ಸಂಜೆಯ ಆಟ, ರಾತ್ರಿ ದೀಪ ಆರುವ ಹೊತ್ತು ಹುಡುಗರಿಗೆ ಒಗ್ಗಿಹೋಗುವುದೂ ಇದರಿಂದಲೇ. ಅಲ್ಲಿ ಸೀಟಿ ಊದಿದರೆ ಎಲ್ಲರಿಗೂ ಊದಿದಂತೆ.

ಪತಿಯ ಬಗ್ಗೆ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ಮಗನ ಬಾಲ್ಯದ ಮೊದಲ ಎಂಟು ವರ್ಷ ಅವರಿಗೆ ಸಿಕ್ಕಿದ್ದು ರಜೆಯ ಲೆಕ್ಕದಲ್ಲಿ. ರಜೆಯಲ್ಲಿ ಬಂದ ಅಪ್ಪ ಮಿಠಾಯಿ ತರುವ ಅತಿಥಿ. ಈಗ ಅದೇ ಅತಿಥಿ ಮನೆಯಲ್ಲೇ ಉಳಿದು ಹುಕುಂ ಮಾಡುತ್ತಿದ್ದಾರೆ. ಅವರಿಗೆ ತಿಳಿದಿರುವ ಭಾಷೆ ಅದೊಂದೇ. ಅಲ್ಲಿ ಅವರ ಮಾತಿಗೆ ತೂಕವಿತ್ತು, ಇಲ್ಲಿ ಎಲೆಚುಕ್ಕಿ ರೋಗವಾಗಲಿ, ಕೊಳೆ ರೋಗವಾಗಲಿ, ಅಡಿಕೆಯ ದರವಾಗಲಿ ಯಾರ ಆಜ್ಞೆಯನ್ನೂ ಕೇಳುವುದಿಲ್ಲ. ಮನೆಯ ಯಜಮಾನಿಕೆ ಇನ್ನೂ ಮಾವನವರದು. ಉಳಿದದ್ದು ಮಗನೊಬ್ಬ. ಅವನೂ ಕೇಳದಿದ್ದರೆ ತಾನು ಇಲ್ಲಿ ಯಾರು ಎಂಬ ಪ್ರಶ್ನೆ ಅವರನ್ನು ಕಾಡುತ್ತಿರಬಹುದು. ಇದನ್ನು ಅರ್ಥ ಮಾಡಿಕೊಳ್ಳಿ, ಬೆಲ್ಟಿಗೆ ಸಮಜಾಯಿಷಿಯಾಗಿ ಮಾತ್ರ ಬಳಸಬೇಡಿ.

ಮಾತಾಡುವ ಕ್ರಮ ಮುಖ್ಯ. ಮಗನ ಆ ರಾತ್ರಿಯ ಮಾತನ್ನು ಈಗಲೇ ಹೇಳಬೇಡಿ. ಮೊದಲು ಬೆಲ್ಟಿನ ವಿಷಯ. ಮಾವನವರ ಎದುರಿಗೆ ಬೇಡ, ಹೊಡೆದ ದಿನವೂ ಬೇಡ. ಇಬ್ಬರೇ ತೋಟಕ್ಕೆ ಹೋದಾಗ ನೇರವಾಗಿ ಹೇಳಿ: ‘ಇನ್ನು ಮೇಲೆ ಅವನಿಗೆ ಹೊಡೆಯಬೇಡಿ. ಯಾವ ತಪ್ಪಿಗೆ ಏನು ಎಂಬುದನ್ನು ಅವನನ್ನೂ ಕೂರಿಸಿಕೊಂಡು ಮೊದಲೇ ಗೊತ್ತು ಮಾಡೋಣ, ನೀವು ನಿಮ್ಮ ಯೂನಿಟ್ಟಿನಲ್ಲಿ ಮಾಡುತ್ತಿದ್ದಂತೆ.’ ಯೂನಿಟ್ಟಿನ ಮಾತು ಅವರಿಗೆ ನಾಟುತ್ತದೆ. ಒಪ್ಪಿ, ಕೆಲವು ವಾರ ಮಾತು ಉಳಿಸಿಕೊಂಡರೆ, ಆಗ ಮಗ ಕೇಳಿದ ಪ್ರಶ್ನೆಯನ್ನು ಅವರಿಗೆ ತಿಳಿಸಿ. ಅವರಿಗೆ ನೋವಾಗುತ್ತದೆ, ಆಗಲಿ. ಅದನ್ನು ತಿಳಿಯುವ ಹಕ್ಕು ಅವರಿಗಿದೆ. ಆದರೆ ಆ ಮಾತು ಮಗನಿಗೆ ಆರೋಪವಾಗಿ ತಿರುಗಿ ಬರಬಾರದು ಎಂದು ಮೊದಲೇ ಮಾತು ತೆಗೆದುಕೊಳ್ಳಿ. ಒಪ್ಪದೆ ಹೊಡೆತ ಮುಂದುವರಿದರೆ, ಅಥವಾ ಅವರ ಕೈ ನಿಮ್ಮ ಮೇಲೂ ಏಳುವುದಿದ್ದರೆ, ಇದು ಸಂಸಾರದ ಗುಟ್ಟು ಎಂದು ಸುಮ್ಮನಿರಬೇಡಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181.

ಮಾವನವರ ಹತ್ತಿರ ನೀವು ವಾದ ಮಾಡಬೇಕಾಗಿಲ್ಲ, ಒಂದು ಕೋರಿಕೆ ಸಾಕು. ಬೆಳಿಗ್ಗೆ ಮತ್ತು ಸಂಜೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೊತೆಯಲ್ಲಿ ಮಾಡಲಿ, ಮಾಧ್ಯಾಹ್ನಿಕ ರಜೆಯ ದಿನಕ್ಕಿರಲಿ. ಮಾಡಿದೆಯಾ ಎಂದು ವಿಚಾರಿಸುವ ಪ್ರಮೇಯವೇ ಆಗ ಬರುವುದಿಲ್ಲ. ಮಂತ್ರದ ಅರ್ಥವನ್ನು ದಿನಕ್ಕೊಂದಿಷ್ಟು ಹೇಳಿದರೆ ಇನ್ನೂ ಒಳ್ಳೆಯದು. ಬಹಳ ಅಜ್ಜಂದಿರು ಇಂಥ ಕೋರಿಕೆಗಾಗಿಯೇ ಕಾಯುತ್ತಿರುತ್ತಾರೆ.

ಇನ್ನು ನಿಮ್ಮ ವಿಷಯ. ಮುದ್ದಿನಿಂದ ಮಗ ಕೆಟ್ಟಿಲ್ಲ. ಅವನು ಆ ರಾತ್ರಿ ಬಾಯಿಬಿಟ್ಟು ಕೇಳಿದ್ದು ನಿಮ್ಮ ಪಕ್ಕದಲ್ಲಿ ಮಲಗಲು ಜಾಗವಿದ್ದುದರಿಂದ. ಆದರೆ ಪಂಚಪಾತ್ರೆಯ ನೀರಿನ ಬಗ್ಗೆ ನಾನು ನಿಮ್ಮ ಪರ ನಿಲ್ಲಲಾರೆ. ಪೆಟ್ಟಿಗೆ ಅಡ್ಡ ನಿಲ್ಲುವುದು ಬೇರೆ, ಸುಳ್ಳಿಗೆ ಸಾಕ್ಷಿ ಹುಟ್ಟಿಸಿ ಕೊಡುವುದು ಬೇರೆ. ಅವನು ನಿಮ್ಮನ್ನು ನೋಡಿರುತ್ತಾನೆ, ಅನುಮಾನವೇ ಬೇಡ. ಪ್ರೀತಿಸುವವರು ಸುಳ್ಳಿನಲ್ಲಿ ಜೊತೆಯಾಗುತ್ತಾರೆ ಎಂದು ಕಲಿತಿರುತ್ತಾನೆ. ನಾಳೆಯೇ ನಿಲ್ಲಿಸಿ ಎಂದರೆ ಅವನನ್ನು ಬೆಲ್ಟಿಗೆ ಒಪ್ಪಿಸಿದಂತಾಗುತ್ತದೆ, ಆದ್ದರಿಂದ ಪತಿಯೊಡನೆ ಮಾತಾದ ಮೇಲೆ ನಿಲ್ಲಿಸಿ. ನಿಲ್ಲಿಸುವಾಗ ಅವನಿಗೆ ಹೇಳಿಯೇ ನಿಲ್ಲಿಸಿ: ‘ಇನ್ನು ನಾನು ನೀರು ಚೆಲ್ಲುವುದಿಲ್ಲ. ಮಾಡದಿದ್ದರೆ ಮಾಡಲಿಲ್ಲ ಎನ್ನು, ಯಾರೂ ಹೊಡೆಯುವುದಿಲ್ಲ.’ ಮೊದಲ ಸಲ ಅವನು ನಿಜ ಹೇಳಿದ ದಿನ ಮನೆಯಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಎರಡನೇ ಸಲದ್ದು ನಿಂತಿದೆ. ಆ ದಿನ ನೀವು ಮನೆಯಲ್ಲಿರಿ.

ಶಾಲೆ, ಅರ್ಜಿ, ಸಂಧ್ಯಾವಂದನೆ ಎಲ್ಲವೂ ಕಾಯಬಹುದು, ಹಾಸಿಗೆ ಒದ್ದೆಯಾಗುವುದನ್ನು ಕಾಯಿಸಬೇಡಿ. ವರ್ಷಗಟ್ಟಲೆ ನಿಂತಿದ್ದ ಅಭ್ಯಾಸ ಈ ವಯಸ್ಸಿನಲ್ಲಿ ಮತ್ತೆ ಶುರುವಾದರೆ ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಹೆದರಿಕೆಯಿಂದಲೂ ಆಗುತ್ತದೆ. ಇದಕ್ಕಾಗಿ ಅವನನ್ನು ಯಾರೂ ಗದರಬಾರದು, ನೆಂಟರ ಎದುರಿಗೆ ಆಡಬಾರದು. ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ. ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಅಲ್ಲಿ ಮಕ್ಕಳ ವಿಭಾಗವೂ ಮನೋವೈದ್ಯರೂ ಒಂದೇ ಕಡೆ ಸಿಗುತ್ತಾರೆ. ಫೋನಿನಲ್ಲಿ ಮಾತಾಡುವುದಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲಿಯೇ ಮಾತಾಡಬಹುದು. ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಎಂದು ವೈದ್ಯರು ಕೇಳುತ್ತಾರೆ. ಆಗ ಬೆಲ್ಟಿನ ವಿಷಯವನ್ನು ಮುಚ್ಚಿಡಬೇಡಿ, ಪತಿ ಪಕ್ಕದಲ್ಲಿ ಕುಳಿತಿದ್ದರೂ ಸರಿ.