ಉಗಿ ಎಂಜಿನ್: ಬಾಲ್ಡ್‌ವಿನ್ ಗಟ್ಟಿಯೋ, ನಾರ್ತ್ ಬ್ರಿಟಿಷ್ ಗಟ್ಟಿಯೋ?

ಅಮೆರಿಕದ ಬಾಲ್ಡ್‌ವಿನ್ ಕಂಪನಿಯ ಉಗಿ ಎಂಜಿನ್‌ಗಳು ಒರಟು, ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿಯವು ಗಟ್ಟಿ ಅನ್ನುತ್ತಾರಲ್ಲ, ನಿಜವೇ ಎಂದು ಕೇಳಿದ್ದೀರಿ. ಒರಟು ಅನ್ನುವುದು ಬಹುಮಟ್ಟಿಗೆ ನಿಜ. ಹಾಗಂತ ಬಾಳಿಕೆ ಕಡಿಮೆ ಎಂದೇನಲ್ಲ.

ಎಂಜಿನ್ನಿನ ಭಾರ ಹೊರುವ ಚೌಕಟ್ಟೇ ಫ್ರೇಮ್. ಬ್ರಿಟಿಷರ ರೂಢಿ ಪ್ಲೇಟ್ ಫ್ರೇಮ್, ಸುಮಾರು ಒಂದೂಕಾಲು ಇಂಚು ದಪ್ಪದ ಉಕ್ಕಿನ ಹಲಗೆ. ಅಮೆರಿಕದವರದು ನಾಲ್ಕೈದು ಇಂಚು ದಪ್ಪದ ಉಕ್ಕಿನ ತೊಲೆಗಳ ಬಾರ್ ಫ್ರೇಮ್. ಪ್ಲೇಟ್ ಫ್ರೇಮ್ ಹೆಚ್ಚಾಗಿ ಬಿರುಕು ಬಿಡುವುದು ಗಾಲಿಯ ಅಚ್ಚಿನ ಬೇರಿಂಗ್ ಇರುವ ಆಕ್ಸಲ್ ಬಾಕ್ಸ್ ಕೂರುವ ಕಂಡಿಯ ಮೇಲಿನ ಮೂಲೆಯಲ್ಲಿ. ಕಂಡಿಯ ತಳ ಬಿಗಿಯುವ ಪಟ್ಟಿ, ಅಂದರೆ ಹಾರ್ನ್ ಸ್ಟೇ, ಸಡಿಲವಾದರೆ ಪಿಸ್ಟನ್ನಿನ ಪ್ರತಿ ಹೊಡೆತಕ್ಕೂ ಫ್ರೇಮ್ ಅಲ್ಲೇ ಬಾಗುತ್ತದೆ. ಅದು ಶೆಡ್ಡಿನವರ ನಿರ್ಲಕ್ಷ್ಯ, ಕಾರ್ಖಾನೆಯ ದೋಷವಲ್ಲ. ಪರೀಕ್ಷೆ ಸುಲಭ: ಆ ಮೂಲೆಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣ ಬಳಿದು, ಪಕ್ಕದಲ್ಲಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಹೊರಬಂದು ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಬಾಯ್ಲರಿನಲ್ಲಿ ಬೆಂಕಿ ಉರಿಯುವ ಗೂಡಿಗೆ, ಅಂದರೆ ಒಳಗಿನ ಫೈರ್‌ಬಾಕ್ಸ್‌ಗೆ, ಬ್ರಿಟಿಷರು ತಾಮ್ರ ಹಾಕುತ್ತಿದ್ದರು, ಅಮೆರಿಕದವರು ತೆಳುವಾದ ಉಕ್ಕು. ತಾಮ್ರ ದುಬಾರಿ, ಆದರೆ ಸೈರಣೆ ಜಾಸ್ತಿ. ಉಕ್ಕಿನದು ಬಿಸಿಯಿರುವಾಗಲೇ ತಣ್ಣೀರು ಬಿಟ್ಟು ತೊಳೆದರೆ ಒಳಗೋಡೆ ಹೊರಗೋಡೆಗಳನ್ನು ಹಿಡಿದಿಡುವ ಸ್ಟೇ ಬೋಲ್ಟುಗಳ ತೂತುಗಳ ಸುತ್ತ ಸೀಳುತ್ತದೆ. ಪೂರ್ತಿ ಆರಲು ಬಿಟ್ಟರೆ, ಇಲ್ಲವೇ ಬಿಸಿನೀರಲ್ಲೇ ತೊಳೆದರೆ ಈ ತೊಂದರೆ ಬರುವುದಿಲ್ಲ.

ನ್ಯಾಯವಾಗಿ ಹೋಲಿಸಬೇಕೆಂದರೆ ಒಂದೇ ನಕ್ಷೆಯನ್ನು ಹಲವರು ಕಟ್ಟಿರಬೇಕು. ನಮ್ಮ ರೈಲ್ವೆಯ ಪ್ರಯಾಣಿಕ ಗಾಡಿ ಎಳೆಯುತ್ತಿದ್ದ ಡಬ್ಲ್ಯೂಪಿ ಎಂಜಿನ್ ಹಾಗೆ: 1947ರಲ್ಲಿ ಮೊದಲ 16 ಬಾಲ್ಡ್‌ವಿನ್‌ನಿಂದ ಬಂದವು, ಆಮೇಲೆ ಕೆನಡಾ, ಪೋಲೆಂಡ್, ಆಸ್ಟ್ರಿಯಾದವರೂ ಚಿತ್ತರಂಜನ್ ಕಾರ್ಖಾನೆಯವರೂ ಕಟ್ಟಿದರು. ಗೂಡ್ಸ್ ಗಾಡಿಯ ಡಬ್ಲ್ಯೂಜಿಯನ್ನು 1950ರಲ್ಲಿ ನಾರ್ತ್ ಬ್ರಿಟಿಷ್ ಶುರುಮಾಡಿತು. ತೊಡಕೇನೆಂದರೆ ಇವೆರಡಕ್ಕೂ ಬಾಯ್ಲರ್ ಒಂದೇ ಮಾದರಿಯದು. ದೊಡ್ಡ ರಿಪೇರಿಗೆ ಬಂದಾಗ ಕಾರ್ಖಾನೆಯಲ್ಲಿ ಸಿದ್ಧವಿದ್ದ ಬಾಯ್ಲರನ್ನು ಕೂರಿಸಿ ಕಳಿಸುವುದು ವಾಡಿಕೆಯಾಗಿತ್ತು. ಹಾಗಾಗಿ ಬಾಲ್ಡ್‌ವಿನ್ ಎಂದು ನಾವು ಮೆಚ್ಚುವ ಎಂಜಿನ್ನಿನ ಮೇಲೆ ಚಿತ್ತರಂಜನ್ನಿನ ಬಾಯ್ಲರ್ ಇರಬಹುದು.

ಕೈಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ವಿನ್ಯಾಸ ಕೈಕೊಟ್ಟರೆ ಉಪಯೋಗವಿಲ್ಲ. ನಮ್ಮ ಪ್ರಯಾಣಿಕ ಗಾಡಿಗಳಿಗಾಗಿ ಬ್ರಿಟನ್ನಿನಲ್ಲಿ ಕಟ್ಟಿದ ಎಕ್ಸ್‌ಬಿ ಮಾದರಿಯ ಎಂಜಿನ್‌ಗಳು ವೇಗ ಏರಿದಾಗ ಅಕ್ಕಪಕ್ಕ ತೂಗಾಡಿ ಹಳಿಯನ್ನೇ ತಿರುಚುತ್ತಿದ್ದವು. 1937ರ ಜುಲೈ 17ರಂದು ಬಿಹಾರದ ಬಿಹ್ಟಾದಲ್ಲಿ ರೈಲು ಹಳಿ ತಪ್ಪಿದ್ದು ಅಂಥದೊಂದು ಎಂಜಿನ್ ಎಳೆಯುತ್ತಿದ್ದಾಗ.

ನನ್ನ ಆಯ್ಕೆ ಕೇಳಿದರೆ, ನಯಗಾರಿಕೆಗೆ ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್, ನಮ್ಮ ಹಳಿಗಳ ಮೇಲೆ ದುಡಿಯಲು ಬಾರ್ ಫ್ರೇಮಿನ ಎಂಜಿನ್. ಮ್ಯೂಸಿಯಂನಲ್ಲಿ ನೋಡುವಾಗ ತಯಾರಕರ ಹೆಸರು, ನಂಬರ್ ಇರುವ ಬಿಲ್ಡರ್ ಪ್ಲೇಟ್ ಒಂದನ್ನೇ ನಂಬಬೇಡಿ. ಬಾಯ್ಲರಿನ ನಂಬರ್ ಬೇರೆ ಇರುತ್ತದೆ, ಪಿಸ್ಟನ್ನಿನಿಂದ ಗಾಲಿ ತಿರುಗಿಸುವ ಕನೆಕ್ಟಿಂಗ್ ರಾಡಿನ ಮೇಲೂ ಎಂಜಿನ್ ನಂಬರ್ ಒತ್ತಿರುವುದುಂಟು. ಮೂರನ್ನೂ ತಾಳೆ ಹಾಕಿ.